ಹೊಟ್ಟೆ ಕೊಯ್ಯುವುದೋ, ಕರುಳು ತಿರುಗಿಸುವುದೋ

ಡಾಕ್ಟರು ಬಿಳಿ ಹಾಳೆಯ ಮೇಲೆ ನನ್ನ ಹೊಟ್ಟೆಯ ಚಿತ್ರವನ್ನು ಎರಡು ಸಲ ಬರೆದರು. ಮೊದಲನೆಯದಕ್ಕೆ ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ ಎಳೆದು, ಗೆರೆಯ ಒಂದು ಬದಿಯನ್ನೆಲ್ಲ ಪೆನ್ನಿನಿಂದ ಗೀಚಿ ಗೀಚಿ ನೀಲಿ ಮಾಡಿದರು.

"ಇದಿಷ್ಟು ಕತ್ತರಿಸಿ ತಗದ ಒಗೀತೀವಿ. ಉಳಿಯೂದು ಒಂದ ಬಾಳಿಹಣ್ಣಿನಷ್ಟು. ಇದಕ್ಕ ಸ್ಲೀವ್ ಅಂತೀವಿ. ಒಮ್ಮೆ ಕೊಯ್ದ್ರ ಮತ್ತ ಹಚ್ಚಾಕ ಬರಂಗಿಲ್ಲ," ಎಂದರು.

ಎರಡನೆಯ ಚಿತ್ರದಲ್ಲಿ ಹೊಟ್ಟೆಯ ತಲೆಯ ಹತ್ತಿರ ಕೋಳಿಮೊಟ್ಟೆಯಷ್ಟು ಜಾಗವನ್ನು ಬೇರೆ ಮಾಡಿ, ಕೆಳಗಿನಿಂದ ಕರುಳನ್ನು ಎಳೆದು ತಂದು ಅದಕ್ಕೆ ಜೋಡಿಸಿದರು. "ಇದು ಬೈಪಾಸ್. ಹಳೇ ಹೊಟ್ಟಿ ಒಳಗ ಇರತೈತಿ, ಆದ್ರ ಊಟದ ದಾರಿಯೊಳಗ ಇರಂಗಿಲ್ಲ. ತಿಂದಿದ್ದು ಸೀದಾ ಕರುಳಿಗೆ ಇಳೀತೈತಿ. ನಿಮಗ ಸಕ್ಕರಿ ಕಾಯಿಲೆ ಐತಿ, ಎದಿ ಉರಿ ಐತಿ. ನನ್ನ ಕೇಳಿದ್ರ ನಿಮಗ ಇದ ಛಲೋ."

ಅಂದು ನನ್ನ ತೂಕ ನೂರೈವತ್ತೊಂದು ಕಿಲೋ. ವಯಸ್ಸು ನಲವತ್ತನಾಲ್ಕು. ಬೆಳಗಾವಿಯ ಆ ದವಾಖಾನೆಯ ಕುರ್ಚಿಗಳಿಗೆ ಕೈ ಇದ್ದುದರಿಂದ ನನ್ನನ್ನು ಗೋಡೆ ಬದಿಯ ಕಬ್ಬಿಣದ ಬೆಂಚಿನ ಮೇಲೆ ಕೂರಿಸಿದ್ದರು. ಕುರ್ಚಿಯಲ್ಲಿ ಕೂತಿದ್ದ ನನ್ನ ಹೆಂಡತಿ ಎರಡೂ ಚಿತ್ರಗಳನ್ನು ನೋಡಿ ಮುಗಿಸಿ ಒಂದೇ ಪ್ರಶ್ನೆ ಕೇಳಿದಳು.

"ಡಾಕ್ಟರ್ರ, ಇವ್ರಿಗೆ ಸಿಟ್ಟ ಬಂದಾಗ ಯಾವುದರಾಗ ಹೆಚ್ಚ ತಿನ್ನಾಕ ಬರತೈತ್ರಿ?"

ಡಾಕ್ಟರು ಚೇಷ್ಟೆ ಎಂದುಕೊಂಡು ನಕ್ಕರು. "ಸಿಟ್ಟ ಬಂದ್ರ ಯಾಕ ತಿನ್ನಬೇಕ್ರಿ ಅಕ್ಕಾರ?"

ಆಕೆ ಎಡಗೈಯನ್ನು ಮೇಜಿನ ಮೇಲೆ, ಆ ಚಿತ್ರಗಳ ಪಕ್ಕದಲ್ಲಿಟ್ಟಳು. ಆ ಕೈಯ ಮಣಿಕಟ್ಟು ಸೊಟ್ಟಗಿದೆ. ಅಂಗೈ ಪೂರ್ತಿ ಮೇಲಕ್ಕೆ ತಿರುಗುವುದಿಲ್ಲ. "ಹದಿನಾಲ್ಕ ವರ್ಷ ಆತ್ರಿ ಇದಕ್ಕ. ಆವಾಗಿಂದ ಇವ್ರು ಸಿಟ್ಟ ಬಂದ್ರ ಉಣ್ಣತಾರ್ರಿ. ಉಂಡ್ರ ಹೊಡೆಯೂದಿಲ್ಲ," ಎಂದಳು.

ಡಾಕ್ಟರು ನನ್ನ ಮುಖ ನೋಡಿದರು. ನಾನು ನೀಲಿ ಬಳಿದ ಹೊಟ್ಟೆಯನ್ನು ನೋಡುತ್ತ ಕೂತೆ. ಅಷ್ಟು ಜನರ ಎದುರು ಕುಸ್ತಿಯಲ್ಲಿ ಬಿದ್ದಾಗಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೆ ಹಸಿವು. ಹೊರಗೆ ಬಂದವನೇ ಎದುರಿನ ಹೋಟೆಲಿನಲ್ಲಿ ಎಂಟು ಪೂರಿ ತಿಂದೆ. ಆಕೆ ಎದುರಿಗೆ ಕೂತು ಎಣಿಸಿದಳು.

ಈ ಕೈಯ ಕಥೆಯನ್ನು ನಾನೇ ಹೇಳಬೇಕು. ಬೇರೆ ಯಾರು ಹೇಳಿದರೂ ಸ್ವಲ್ಪ ಕಡಿಮೆ ಮಾಡಿ ಹೇಳುತ್ತಾರೆ.

ನಾನು ಖಾನಾಪುರದವನು. ಹದಿನಾಲ್ಕನೆಯ ವಯಸ್ಸಿಗೆ ಅಪ್ಪ ನನ್ನನ್ನು ಬೆಳಗಾವಿಯ ಒಂದು ತಾಲೀಮಿಗೆ, ಅಂದರೆ ಗರಡಿಮನೆಗೆ, ತಂದು ಬಿಟ್ಟ. ಅಲ್ಲಿ ಕುಸ್ತಿ ಕಲಿಸುವ ಗುರುವಿಗೆ ವಸ್ತಾದ ಎನ್ನುತ್ತಾರೆ. ನಮ್ಮ ವಸ್ತಾದರ ಕಲಿಸುವ ಪದ್ಧತಿ ಬಹಳ ಸರಳ. ಬೆಳಗಿನ ಜಾವ ಇಬ್ಬರನ್ನು ಮಣ್ಣಿಗೆ ಬಿಟ್ಟು, ಒಬ್ಬ 'ಸಾಕು' ಅನ್ನುವವರೆಗೆ ನೋಡುತ್ತ ಕೂಡುತ್ತಿದ್ದರು. ಸಾಕು ಅಂದವನಿಗೆ ಬೆತ್ತದ ಏಟು, ಆ ದಿನ ಖುರಾಕು ಇಲ್ಲ. ಖುರಾಕು ಎಂದರೆ ಪೈಲ್ವಾನನ ಆಹಾರ. ಅದರಲ್ಲಿ ಮುಖ್ಯವಾದದ್ದು ಥಂಡಾಯಿ: ನೆನೆಸಿದ ಬಾದಾಮಿ, ಗಸಗಸೆ, ಏಲಕ್ಕಿ ನುಣ್ಣಗೆ ಅರೆದು ಗಟ್ಟಿ ಹಾಲಿಗೆ ಕಲಸಿ, ಮೇಲೆ ತುಪ್ಪ ಬಿಟ್ಟು ಚರಿಗೆಗಟ್ಟಲೆ ಕುಡಿಯುವುದು. ಇಷ್ಟು ಕುಡಿದರೂ ತಾಲೀಮಿನ ಲೆಕ್ಕದಲ್ಲಿ ಅದು ಊಟವಲ್ಲ. ಶನಿವಾರದ ಉಪವಾಸಕ್ಕೂ ಥಂಡಾಯಿ ನಡೆಯುತ್ತಿತ್ತು. 'ಏನರ ತಿಂದಿಯೇನು' ಎಂದು ಯಾರಾದರೂ ಕೇಳಿದರೆ ಎರಡು ಲೀಟರು ಹೊಟ್ಟೆಯಲ್ಲಿಟ್ಟುಕೊಂಡು 'ಇಲ್ರಿ, ಉಪಾಸ' ಎನ್ನುತ್ತಿದ್ದೆವು. ಯಾರೂ ಸುಳ್ಳು ಹೇಳುತ್ತಿರಲಿಲ್ಲ.

ಹದಿನಾಲ್ಕು ವರ್ಷ ಹಾಗೆ ನಡೆಯಿತು. ಕಾಕತಿಯ ಹತ್ತಿರದ ಮೈದಾನವೊಂದರಲ್ಲಿ ನನ್ನ ಕಡೆಯ ಕುಸ್ತಿ. ಎದುರಾಳಿ ನನಗಿಂತ ಚುರುಕು. ಎರಡು ಸಲ ನನ್ನ ಕಾಲಿನ ಸಂದಿಯಿಂದ ಜಾರಿಹೋದ. ಮೂರನೆಯ ಸಲ ಕೈ ಸಿಕ್ಕಿತು. ಬೆನ್ನ ಹಿಂದೆ ತಿರುವಿ ಹಿಡಿದೆ. ಪಂಚರು ಸೀಟಿ ಊದಿದರು. ಕೇಳಿಸಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿದೆ, ಆದರೆ ಚೆನ್ನಾಗಿ ಕೇಳಿಸಿತ್ತು. ಸೀಟಿ ಕೇಳಿದ ಮೇಲೆ ಇನ್ನೂ ಒಂದಿಷ್ಟು ತಿರುವಿದೆ. ಮೊಣಕೈ ಲಟ್ ಎಂದಿತು. ಅವನು ಮಣ್ಣು ಕಚ್ಚಿಕೊಂಡು ಒದರಿದ. ಆ ಸದ್ದು ನನಗೆ ಹಿತವಾಗಿತ್ತು. ಈಗ ಬರೆಯಲು ನಾಚಿಕೆ, ಆದರೆ ಹಿತವಾಗಿದ್ದು ಖರೆ. ವಸ್ತಾದರು ಅಂದೇ, "ಇನ್ನ ಮಣ್ಣಿಗೆ ಇಳೀಬ್ಯಾಡ," ಎಂದರು.

ಊರಿಗೆ ಬಂದು ಹಂಚಿನ ಕಾರ್ಖಾನೆಯಲ್ಲಿ ಮುಕಾದಮನಾದೆ, ಕೂಲಿಯವರಿಂದ ಕೆಲಸ ತೆಗೆಯುವವನು. ಅದರ ಹಿಂದಿನ ವರ್ಷವಷ್ಟೇ ಮದುವೆಯಾಗಿತ್ತು. ಮಣ್ಣಿನಲ್ಲಿ ಇಳಿಯುತ್ತಿದ್ದ ಸಿಟ್ಟು ಮನೆಗೆ ಬರತೊಡಗಿತು. ಮೊದಲ ಸಲ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಕಪಾಳಕ್ಕೆ ಹೊಡೆದೆ. ಎರಡನೆಯ ಸಲ ಯಾಕೆ ಹೊಡೆದೆನೋ ನೆನಪಿಲ್ಲ. ಆಕೆಗೆ ನೆನಪಿದೆ, ಹೇಳಿಲ್ಲ. ಮೂರನೆಯ ಸಲ ಆಕೆ ಅಂದದ್ದು ಒಂದೇ ಮಾತು: "ಆ ಕುಸ್ತಿ ನೀವು ಗೆದ್ದಿಲ್ರಿ." ನಾನು ಎದ್ದೆ. ಆಕೆ ಮುಖಕ್ಕೆ ಕೈ ಅಡ್ಡ ತಂದಳು. ಆ ಕೈಯನ್ನೇ ಹಿಡಿದು, ಮೈದಾನದಲ್ಲಿ ತಿರುವಿದ ಹಾಗೆಯೇ ತಿರುವಿದೆ. ಅದೇ ಸದ್ದು.

ಆಕೆ ಒದರಲಿಲ್ಲ. ಕೈಗೆ ಟವೆಲು ಸುತ್ತಿಕೊಂಡು, ಚಪ್ಪಲಿ ಹಾಕಿಕೊಂಡು, ಖಾನಾಪುರದ ಸ್ಟೇಶನ್ನಿಗೆ ನಡೆದು ಹೋಗಿ ರೈಲು ಹತ್ತಿದಳು. ಲೋಂಡಾದಲ್ಲಿ ಆಕೆಯ ಅಕ್ಕನ ಮನೆ. ಇಪ್ಪತ್ತು ದಿನ ಬಿಟ್ಟು ನಾನು ಅಲ್ಲಿಗೆ ಹೋದಾಗ ಅಕ್ಕ ಕಟ್ಟಿಗೆ ಒಡೆಯುವ ಕೊಡಲಿ ಹಿಡಿದೇ ಬಾಗಿಲಿಗೆ ಬಂದಳು. ಹಿಂದಿನಿಂದ ಇವಳು, ಕೈಗೆ ಪ್ಲಾಸ್ಟರು.

"ಬರತೀನಿ. ಆದ್ರ ಒಂದ ಮಾತು. ಸಿಟ್ಟ ಬಂದ್ರ ನನ್ನ ಮ್ಯಾಲ ಹೋಗಬ್ಯಾಡ್ರಿ, ತಾಟಿನ ಮ್ಯಾಲ ಹೋಗ್ರಿ. ಎಷ್ಟ ಬೇಕಾದ್ರೂ ಮಾಡಿ ಹಾಕತೀನಿ. ಹೊಡದ್ರ ಮಾತ್ರ ನಾ ನಿಮಗ ಇಲ್ಲ."

ಒಪ್ಪಿದೆ. ಹದಿನಾಲ್ಕು ವರ್ಷ ಆ ಮಾತು ಉಳಿಸಿಕೊಂಡೆ. ಹೇಗೆಂದರೆ ತಿಂದು. ಭಟ್ಟಿಯಲ್ಲಿ ಒಂದು ಸಾಲು ಹಂಚು ಸೀಳಿದರೆ ಮನೆಗೆ ಬಂದು ಹತ್ತು ರೊಟ್ಟಿ. ಯಾರಾದರೂ ಎದುರು ಮಾತಾಡಿದರೆ ಒಂದು ಬೋಗುಣಿ ಮಟನ್. ಆಕೆ ಸದಾ ಮಾಡಿ ಇಟ್ಟಿರುತ್ತಿದ್ದಳು. ಬುಟ್ಟಿ ತುಂಬ ರೊಟ್ಟಿ, ಶೇಂಗಾ ಚಟ್ನಿ, ಬೆಳಗಾವಿಯಿಂದ ತರಿಸಿದ ಕುಂದಾ. ಬಾಗಿಲಲ್ಲಿ ನನ್ನ ಹೆಜ್ಜೆಯ ಸದ್ದು ಕೇಳಿಯೇ ಎಷ್ಟು ಬಡಿಸಬೇಕೆಂದು ಆಕೆಗೆ ಗೊತ್ತಾಗುತ್ತಿತ್ತು. ನಾನು ರೊಟ್ಟಿ ಮುರಿಯುವಾಗ ಆಕೆ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಉಂಡು ಮೈ ಭಾರವಾಗಿ, ಕಣ್ಣು ಎಳೆದು, ಗೋಡೆಗೆ ಒರಗಿದ ಮೇಲೆ ಬಂದು ತಾಟು ಎತ್ತುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ. ಓಣಿಯ ಜನ ನನ್ನನ್ನು ಶಾಂತ ಮನುಷ್ಯ ಎನ್ನುತ್ತಿದ್ದರು. ನಾನೂ ನಂಬಿದ್ದೆ. ಹದಿನಾಲ್ಕು ವರ್ಷದಿಂದ ಹೆಂಡತಿಯ ಮೇಲೆ ಕೈ ಮಾಡಿಲ್ಲ ಎಂದು ಮದುವೆ ಮನೆಗಳಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ, ದೊಡ್ಡ ಪದವಿ ಸಿಕ್ಕವರ ಹಾಗೆ.

ಹಾಗೆ ಹೇಳುತ್ತಿದ್ದ ಒಂದು ಮದುವೆಯಲ್ಲೇ ನಾನು ಕೂತ ಕುರ್ಚಿ ಮುರಿದು ಬಿದ್ದೆ. ನಾಲ್ಕು ಜನ ಎತ್ತಬೇಕಾಯಿತು. ಎತ್ತುತ್ತಲೇ ನಕ್ಕವನೊಬ್ಬನ ಕುತ್ತಿಗೆ ಹಿಸುಕಬೇಕು ಅನ್ನಿಸಿತು. ಹಿಸುಕಲಿಲ್ಲ, ಎರಡು ಪಂಕ್ತಿಯಲ್ಲಿ ಉಂಡೆ. ಮಂಡಿ ಹೋಗಿತ್ತು, ಸಕ್ಕರೆ ಏರಿತ್ತು, ನಾಲ್ಕು ಮೆಟ್ಟಿಲಿಗೆ ಉಸಿರು ಕಟ್ಟುತ್ತಿತ್ತು. ಹೀಗೇ ಹೋದರೆ ಐವತ್ತು ಕಾಣುವುದಿಲ್ಲ ಎಂದು ಖಾನಾಪುರದ ಡಾಕ್ಟರು ಬೆಳಗಾವಿಗೆ ಕಳಿಸಿದರು. ಆ ಎರಡು ಚಿತ್ರಗಳ ಮುಂದೆ ನಾವು ಕೂತದ್ದು ಹೀಗೆ.

ಆರಿಸಿಕೊಳ್ಳಲು ನನಗೆ ಒಂದು ತಿಂಗಳು ಹಿಡಿಯಿತು. ಹೊಟ್ಟೆಯಲ್ಲಿ ಬಲೂನು ಇಡುವುದೂ ಇದೆ, ಆದರೆ ಆರು ತಿಂಗಳಿಗೆ ತೆಗೆಯಬೇಕು, ನಿಮ್ಮ ತೂಕಕ್ಕೆ ಅದು ಸಾಲದು ಎಂದಿದ್ದರು. ಉಳಿದದ್ದು ಎರಡು. ಸ್ಲೀವ್ ಮಾಡಿಸಿಕೊಂಡವರೊಬ್ಬರು ಬೆಳಗಾವಿಯ ಶಹಾಪುರದಲ್ಲಿದ್ದಾರೆ ಎಂದು ತಿಳಿದು ಹುಡುಕಿಕೊಂಡು ಹೋದೆ. ನಾಲ್ಕು ಪವರ್‌ಲೂಮುಗಳ ಮಾಲೀಕರು. ಮಗ್ಗಗಳ ಬಡಿತದ ನಡುವೆ ಇಬ್ಬರೂ ಕೂಗಿ ಮಾತಾಡಬೇಕಾಯಿತು. ಮನುಷ್ಯ ತೆಳ್ಳಗಾಗಿದ್ದರು, ಕುತ್ತಿಗೆಯ ತೊಗಲು ಜೋತಿತ್ತು.

"ಮೊದಲ ವರ್ಷ ನಾಕ ತುತ್ತು. ಹಸಿವಿ ಅನ್ನೂದ ಮರತಿದ್ದೆ. ಈಗ ನಾಕ ವರ್ಷ ಆತು. ಎರಡ ರೊಟ್ಟಿ ಹೊಕ್ಕತಾವ್ರಿ," ಎಂದು ಕೂಗಿದರು.

"ಎರಡ?" ಎಂದು ಕೂಗಿದೆ.

"ಬೆನ್ನ ಹತ್ತಿ ತಿಂದ್ರ ಮೂರು," ಎಂದು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿ ಹಿಂದೆ ತಿರುಗಿ ನೋಡಿದರು.

ನನಗೆ ಅಷ್ಟೇ ಬೇಕಾಗಿತ್ತು. ಸ್ಲೀವಿನಲ್ಲಿ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಬೈಪಾಸಿನದು ಬೇರೆ. ಸಿಹಿಯನ್ನೋ ಮತ್ತೇನನ್ನೋ ಗಬಗಬ ತಿಂದರೆ ಅದು ಒಮ್ಮೆಲೇ ಕರುಳಿಗೆ ಬಿದ್ದು, ಬೆವರಿ, ಎದೆ ಹೊಡೆದುಕೊಂಡು, ತಿಂದವನು ನೆಲ ಹಿಡಿಯುತ್ತಾನೆ ಎಂದು ಡಾಕ್ಟರು ಹೇಳಿದ್ದರು. ನನ್ನ ಹೊಟ್ಟೆಯೇ ನನ್ನನ್ನು ಕೆಡವುವುದೆಂದರೆ ನನಗೆ ಸಹಿಸಲಾಗದ ಮಾತು. "ಸ್ಲೀವ್ ಮಾಡಸ್ತೀನಿ," ಎಂದೆ. "ಎದಿ ಉರಿ ಹೆಚ್ಚಾಗಬಹುದು, ವಿಚಾರ ಮಾಡ್ರಿ," ಎಂದರು ಡಾಕ್ಟರು. ಮಾಡಿದ್ದೀನಿ ಎಂದೆ. ಹೆಂಡತಿ ಹೂಂ ಎಂದಳು. ಆಕೆಯ ಹೂಂನಲ್ಲಿ ಏನಿತ್ತೋ ನಾನು ಕೇಳಲಿಲ್ಲ.

ಆಪರೇಶನ್ನಿಗೆ ಮೊದಲು ಹದಿನೈದು ದಿನ ಬರೀ ನೀರಿನಂಥ ಆಹಾರ. ದಪ್ಪ ಜನರ ಲಿವರು ಕೊಬ್ಬಿ ಹೊಟ್ಟೆಯ ಮೇಲೆ ಬಿದ್ದಿರುತ್ತದಂತೆ. ಅದು ಕುಗ್ಗಿದರೆ ಮಾತ್ರ ಕೆಳಗಿನ ಹೊಟ್ಟೆ ಕೈಗೆ ಸಿಗುತ್ತದೆ. ಆಹಾರದ ವಿಷಯ ನೋಡುವ ಹೆಣ್ಣುಮಗಳೊಬ್ಬಳು ಕನ್ನಡದಲ್ಲಿ ಛಾಪಿಸಿದ ಹಾಳೆ ಕೊಟ್ಟಳು. ನಾನು ಅದನ್ನು ಓದದೆ ಹೆಂಡತಿಯ ಚೀಲಕ್ಕೆ ಹಾಕಿದೆ.

ಮರುದಿನ ವಸ್ತಾದರು ಖಾನಾಪುರಕ್ಕೆ ಬಂದರು. ಎಂಬತ್ತು ದಾಟಿದ ಮುದುಕ, ಬೆತ್ತ ಈಗ ಊರಿಕೊಳ್ಳಲಿಕ್ಕೆ. ಹೊಟ್ಟೆ ಕೊಯ್ಸಿಕೊಳ್ಳುತ್ತೇನೆ ಎಂದು ಕೇಳಿಯೇ ಅವರಿಗೆ ಅರ್ಧ ಜೀವ ಹೋಗಿತ್ತು.

"ಹದಿನೈದ ದಿನ ಬರೇ ನೀರನ್ಯಾಗ ಇರಬೇಕಂತ್ರಿ," ಎಂದೆ.

"ಅದಕ್ಕೇನು? ಥಂಡಾಯಿ ಕುಡಿ. ಅದೇನ ಊಟ ಏನು? ಕತ್ತಿ ಮೈಯಾಗ ಹೋಗೂ ಮುಂದ ತಾಕತ್ತ ಬ್ಯಾಡೇನಲೇ? ಮುಂಜಾನೆ ಒಂದ ಲೀಟರು, ಸಂಜಿಕ ಒಂದ ಲೀಟರು," ಎಂದರು. ನನಗೂ ಅದು ಸರಿ ಕಂಡಿತು. ತಾಲೀಮಿನಲ್ಲಿ ಹದಿನಾಲ್ಕು ವರ್ಷ ಕುಡಿದದ್ದನ್ನು ಊಟ ಎಂದು ಎಣಿಸದವನು, ಈಗ ಯಾಕೆ ಎಣಿಸುತ್ತೇನೆ?

ಹೆಂಡತಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. ಮಾರನೆಯ ದಿನದಿಂದ ಬಾದಾಮಿ ನೆನೆಸಿ, ಸಿಪ್ಪೆ ಸುಲಿದು, ಒಳಕಲ್ಲಿನಲ್ಲಿ ಒಂದೇ ಕೈಯಿಂದ ಅರೆದಳು. ಮಿಕ್ಸರಿನಲ್ಲಿ ಹಾಕು ಎಂದರೆ ರುಚಿ ಬರುವುದಿಲ್ಲ ಎಂದಳು. ತುಪ್ಪವನ್ನು ಚಮಚದಿಂದಲ್ಲ, ಡಬ್ಬಿ ಬಾಗಿಸಿ ಸುರಿದಳು. ನನ್ನ ಮೇಲೆ ಎಷ್ಟು ಜೀವ ಇವಳದು ಎಂದು ನನ್ನ ಕಣ್ಣು ತುಂಬಿದವು. ಹದಿನೈದು ದಿನ ಒಂದು ತುತ್ತು ಅನ್ನ ಮುಟ್ಟಲಿಲ್ಲ. ದವಾಖಾನೆಗೆ ಸೇರಿದ ದಿನ ತೂಕ ನೋಡಿ ನರ್ಸಿಗೆ ಸಂಶಯ ಬಂತು. ಏನೂ ತಿಂದಿಲ್ಲ, ಬರೀ ಕುಡಿದಿದ್ದೇನೆ ಎಂದು ಮಾರುತಿಯ ಆಣೆ ಮಾಡಿದೆ.

ಎಚ್ಚರವಾದಾಗ ಹೊಟ್ಟೆಯ ಮೇಲೆ ನಾಲ್ಕು ಕಡೆ ಪಟ್ಟಿ. ಆಯಿತು, ಗೆದ್ದೆ ಅಂದುಕೊಂಡೆ. ಸಂಜೆ ಡಾಕ್ಟರು ಬಂದು ಹಾಸಿಗೆಯ ಪಕ್ಕ ನಿಂತರು. ಮುಖದಲ್ಲಿ ಸಿಟ್ಟಿತ್ತು.

"ಆಪರೇಶನ್ ಆಗಿಲ್ರಿ. ಒಳಗ ಹೋದ್ರ ಲಿವರ್ ಹೊಟ್ಟಿ ಮ್ಯಾಲ ಹಾಸಿ ಬಿದ್ದಿತ್ತು. ಸರಿಸಾಕ ಹೋದ್ವಿ, ಹರದ ರಕ್ತ ಜಿನಗಾಕ ಹತ್ತಿತು. ಇನ್ನೊಂಚೂರ ಎಳದಿದ್ರ ಟೇಬಲ್ ಮ್ಯಾಲ ಹೋಗಿರತಿದ್ರಿ. ರಕ್ತ ನಿಲ್ಲಿಸಿ ಮುಚ್ಚಿ ಬಂದೇವಿ. ಏನ ಕುಡದೀರಿ ಹದಿನೈದ ದಿನ?"

ಹೇಳಿದೆ. ಅವರು ಹಣೆಗೆ ಕೈ ಹಚ್ಚಿಕೊಂಡರು. "ಹಾಳಿ ಕೊಟ್ಟಿದ್ವಲ್ರಿ?"

ಹೆಂಡತಿ ಚೀಲದಿಂದ ಹಾಳೆ ತೆಗೆದು ಕೊಟ್ಟಳು. ನಾಲ್ಕು ಮಡಿಕೆ ಬಿದ್ದು ಮಾಸಿತ್ತು, ಬಹಳ ಸಲ ಬಿಚ್ಚಿ ಮಡಿಚಿದ ಹಾಗೆ. ಡಾಕ್ಟರು ಎರಡನೆಯ ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದರು. ಕೆನೆ ಹಾಲು, ಬಾದಾಮಿ, ತುಪ್ಪ, ಸಕ್ಕರೆ ಪೂರ್ತಿ ವರ್ಜ್ಯ ಎಂದು ದಪ್ಪ ಅಕ್ಷರದಲ್ಲಿತ್ತು. ಅವರು ಹೋದ ಮೇಲೆ ಕೋಣೆಯಲ್ಲಿ ನಾವಿಬ್ಬರೇ.

"ಇದನ್ನ ಓದಿದ್ದಿ?"

"ಓದಿದ್ನಿರಿ. ದಿನಾ ಓದತಿದ್ದೆ."

"ಗೊತ್ತಿದ್ದೂ ಅರದು ಹಾಕಿದಿ?"

"ಹೂಂನ್ರಿ."

"ನಾ ಸತ್ತಿದ್ರ?"

"ಅದನ್ನೂ ವಿಚಾರ ಮಾಡಿದ್ದೆ," ಎಂದಳು. ದನಿ ಏರಲಿಲ್ಲ. "ನನಗ ಅಂಜಿಕಿ ಬಂತ್ರಿ. ನಿಮ್ಮ ಹೊಟ್ಟಿ ಕೊಯ್ದ ಒಗದ್ರ ಸಿಟ್ಟ ಎಲ್ಲಿ ಹೋಗಬೇಕು? ನನ್ನ ಹತ್ರ ಇನ್ನೊಂದ ಕೈ ಅಷ್ಟ ಉಳದೈತಿ."

ಮುಂದಿನದು ನನಗೆ ತುಂಡು ತುಂಡಾಗಿ ನೆನಪಿದೆ. ಕೈಗೆ ಚುಚ್ಚಿದ ನಳಿಕೆ ಕಿತ್ತದ್ದು, ರಕ್ತ ಚಾದರದ ಮೇಲೆ ಸಿಡಿದದ್ದು. ಸಲಾಯಿನಿನ ಕಬ್ಬಿಣದ ಕಂಬ ಎತ್ತಿ ಬೀಸಿದ್ದು. ಅದು ಕಿಟಕಿಗೆ ಬಡಿದು ಗಾಜು ಪುಡಿಯಾಯಿತು. ಹೊಟ್ಟೆಯ ಒಂದು ಹೊಲಿಗೆ ಬಿಚ್ಚಿ ಬಿಸಿಯಾದದ್ದು ತೊಡೆಯ ಮೇಲೆ ಇಳಿಯಿತು. ನಾನು ಏನೋ ಒದರುತ್ತಿದ್ದೆ. ಕಂಬವನ್ನು ಮತ್ತೆ ಎತ್ತಿ ತಿರುಗಿದಾಗ ಆಕೆ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಸೊಟ್ಟ ಕೈ ತಾನಾಗಿಯೇ ಮುಖದ ಮುಂದೆ ಅಡ್ಡ ಬಂದಿತ್ತು.

ಹದಿನಾಲ್ಕು ವರ್ಷ ಹೊಡೆದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಆ ಕೈಗೆ ಅದನ್ನು ಯಾರೂ ಹೇಳಿರಲಿಲ್ಲ. ಅದು ಅಷ್ಟೂ ವರ್ಷ ಕಾಯುತ್ತಲೇ ಇತ್ತು. ನನ್ನ ಪ್ರತಿ ರೊಟ್ಟಿಯ ಹಿಂದೆ ಅಡುಗೆಮನೆಯಲ್ಲಿ ಅದು ಹೀಗೆಯೇ ಏಳಲು ತಯಾರಾಗಿ ನಿಂತಿತ್ತು ಎಂದು ಆಗ ಗೊತ್ತಾಯಿತು. ನನಗೆ ನನ್ನ ಮೇಲೆ ಹೇಸಿಗೆ ಬಂತು. ಕಂಬ ಕೈಯಿಂದ ಬಿತ್ತು. ಇಬ್ಬರು ವಾರ್ಡ್‌ಬಾಯ್‌ಗಳು ಬಂದು ನನ್ನನ್ನು ಹಾಸಿಗೆಗೆ ಒತ್ತಿ ಹಿಡಿದರು. ಆಕೆ ಚೀಲ ತೆಗೆದುಕೊಂಡು ಹೊರಟುಹೋದಳು, ಲೋಂಡಾಕ್ಕೆ.

ಮೂರು ತಿಂಗಳು ನಾನೊಬ್ಬನೇ ಇದ್ದೆ. ಮಾಡಿ ಹಾಕುವವರಿಲ್ಲ. ಒಂದು ದಿನ ಕಾರ್ಖಾನೆಯಲ್ಲಿ ಒಬ್ಬ ಕೂಲಿಯವನ ಕೈಗಾಡಿ ಮಗುಚಿ ಹಸಿ ಹಂಚು ಮಣ್ಣುಪಾಲಾಯಿತು. ಅವನ ಮೇಲೆ ಹೋಗಲಿಲ್ಲ. ಪಕ್ಕದ ಸುಟ್ಟ ಹಂಚಿನ ಒಟ್ಟಿಲಿಗೆ ಒದ್ದೆ. ಒಟ್ಟಿಲು ಉರುಳಿತು, ಪಾದ ಸೀಳಿತು. ಚಪ್ಪಲಿಯಲ್ಲಿ ರಕ್ತ ಪಚಪಚ ಅನ್ನುತ್ತಿತ್ತು. ಯಾರೂ ಹತ್ತಿರ ಬರಲಿಲ್ಲ. ನಾನೇ ಪಾದಕ್ಕೆ ಬಟ್ಟೆ ಕಟ್ಟಿಕೊಂಡು ಕುಂಟುತ್ತ ಹೋಗಿ ಲೋಂಡಾದ ರೈಲು ಹತ್ತಿದೆ.

ಈ ಸಲ ಅಕ್ಕ ಕೊಡಲಿ ಹಿಡಿದಿರಲಿಲ್ಲ. ಬಾಗಿಲ ಹೊರಗಿನ ಕಲ್ಲಿನ ಮೇಲೆ ಕೂರಿಸಿ ಒಳಗೆ ಹೋದಳು. ಹೆಂಡತಿ ಬಂದು ದೂರ ನಿಂತಳು.

"ಯಾವ ಆಪರೇಶನ್ ಅಂತ ನೀನ ಹೇಳು. ನೀ ಹೇಳಿದ್ದ ಮಾಡಸ್ತೀನಿ. ಬ್ಯಾಡ ಅಂದ್ರ ಹಿಂಗ ಸಾಯತೀನಿ," ಎಂದೆ.

ಆಕೆ ನನ್ನ ಪಾದದ ಬಟ್ಟೆಯನ್ನು ನೋಡಿದಳು. "ಡಾಕ್ಟರ್ರನ್ನ ಇನ್ನೊಮ್ಮೆ ಕೇಳಬೇಕು," ಎಂದಳು.

ಡಾಕ್ಟರು ನಮ್ಮನ್ನು ಮತ್ತೆ ಒಳಗೆ ಬಿಟ್ಟದ್ದೇ ದೊಡ್ಡದು. ಮುರಿದ ಕಿಟಕಿಗೆ ಕ್ಷಮೆ ಕೇಳಿದೆ. ಹೆಂಡತಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ಬೈಪಾಸ್ ಆದವರು ಒಮ್ಮೆಲೇ ಸಿಹಿ ತಿಂದ್ರ ಏನಾಗತೈತಿ ಅಂದಿದ್ರಿ?"

"ಬೆವರು ಕಿತ್ತ ಬರತೈತ್ರಿ, ಎದಿ ಡವಡವ ಅಂತೈತಿ, ಕೈಕಾಲು ನಡಗತಾವು, ತಲಿ ತಿರಗತೈತಿ. ಎಲ್ಲಾರಿಗೂ ಆಗತೈತಿ ಅಂತಲ್ಲ, ಭಾಳ ಮಂದಿಗೆ ಆಗತೈತಿ. ಒಂದ ತಾಸಿನ್ಯಾಗ ಇಳೀತೈತಿ. ಜೀವಕ್ಕೇನ ಅಪಾಯ ಇಲ್ಲ."

"ಆ ಒಂದ ತಾಸು ಎದ್ದ ನಿಲ್ಲಾಕ ಬರತೈತ್ರಿ?"

"ಕಷ್ಟ ರೀ."

"ಕೈ ಎತ್ತಾಕ?"

ಡಾಕ್ಟರು ಪೆನ್ನು ಕೆಳಗಿಟ್ಟರು. ನನ್ನ ಕಡೆ ನೋಡಿ, ಆಕೆಯ ಕಡೆ ನೋಡಿ, "ಅಕ್ಕಾರ, ನಾವು ಬೈಪಾಸ್ ಮಾಡೂದು ಅದಕ್ಕಲ್ರಿ," ಎಂದರು.

"ನನಗ ಗೊತ್ತೈತ್ರಿ. ನೀವು ಸಕ್ಕರಿಗೆ ಮಾಡ್ರಿ. ನಾ ಇದಕ್ಕ ಹೂಂ ಅಂತೀನಿ," ಎಂದಳು.

ಹಾಗೆ ಆಯಿತು ನಮ್ಮ ಆಯ್ಕೆ. ಡಾಕ್ಟರು ತಮ್ಮದೂ ಒಂದು ಷರತ್ತು ಹಾಕಿದರು. ಸಿಟ್ಟಿಗೆ ತಮ್ಮ ಹತ್ತಿರ ಕತ್ತಿ ಇಲ್ಲ, ಅದಕ್ಕೆ ಬೇರೆ ಡಾಕ್ಟರಿದ್ದಾರೆ, ಅವರ ಚೀಟಿ ತಂದರೆ ಮಾತ್ರ ಮುಟ್ಟುತ್ತೇನೆ ಎಂದರು. ಹೋದೆ. ಪ್ರತಿ ಗುರುವಾರ ಒಬ್ಬ ಸಣ್ಣ ವಯಸ್ಸಿನ ಹೆಣ್ಣುಮಗಳ ಎದುರು ಕೂತು, ಮೈದಾನದ ಆ ಲಟ್ ಸದ್ದಿನಿಂದ ಹಿಡಿದು ಎಲ್ಲ ಹೇಳಿದೆ. ಈಗಲೂ ಹೋಗುತ್ತೇನೆ. ಹೆಂಡತಿ ಮನೆಗೆ ಬಂದಳು. ಬಂದವಳೇ, ಆಪರೇಶನ್ನಿಗೆ ಮೊದಲಿನ ಹದಿನೈದು ದಿನ ವಸ್ತಾದರು ಹೊಸ್ತಿಲು ದಾಟಬಾರದು ಎಂದಳು. ನಾನೇ ಬೆಳಗಾವಿಗೆ ಹೋಗಿ ಅವರಿಗೆ ಹೇಳಿದೆ. ಅವರು ನನ್ನ ಕಾಲ ಹತ್ತಿರ ಉಗುಳಿ ಒಳಗೆ ಹೋದರು. ತೆಳು ಮಜ್ಜಿಗೆ, ಬೇಳೆಯ ಕಟ್ಟು, ದವಾಖಾನೆಯವರು ಕೊಟ್ಟ ಸಪ್ಪೆ ಪ್ರೋಟೀನ್ ಪುಡಿ ಕಲಸಿದ ನೀರು. ಅವನ್ನು ಹೆಂಡತಿ ಅಳೆದು ಕೊಟ್ಟಳು, ಹನಿ ಹೆಚ್ಚಿಲ್ಲ, ಹನಿ ಕಡಿಮೆಯಿಲ್ಲ. ಲಿವರು ಕುಗ್ಗಿತು. ಬೈಪಾಸ್ ಆಯಿತು.

ಐದು ತಿಂಗಳಿಗೆ ನೂರಾ ಎಂಟಕ್ಕೆ ಇಳಿದೆ. ಸಕ್ಕರೆಯ ಗುಳಿಗೆ ಎರಡು ನಿಂತವು. ಮಂಡಿ ಕೇಳತೊಡಗಿತು. ಊಟ ಎಂದರೆ ಸಣ್ಣ ಬಟ್ಟಲಿನಲ್ಲಿ ಆರು ಚಮಚ, ಅಗಿದು ಅಗಿದು ಅರ್ಧ ತಾಸು. ಅಷ್ಟು ಊಟ ಸಿಟ್ಟಿನ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಸಿಟ್ಟು ಬಂದಾಗ ಓಣಿ ಸುತ್ತಿ ಬಾ, ಹಳ್ಳದವರೆಗೆ ನಡೆ ಎಂದು ಗುರುವಾರದ ಹೆಣ್ಣುಮಗಳು ಹೇಳಿದ್ದಳು. ನಡೆಯುತ್ತಿದ್ದೆ. ಕೆಲವು ದಿನ ಮಲಪ್ರಭೆಯ ಸೇತುವೆಯವರೆಗೆ ಹೋಗಿ ಬರುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು, ಹೋಗುವಾಗಲೂ ಬರುವಾಗಲೂ ನನ್ನ ಹೆಜ್ಜೆ ಕೇಳುತ್ತಿದ್ದಳು.

ಒಂದು ರವಿವಾರ ಮಧ್ಯಾಹ್ನ ಅಡುಗೆಮನೆಗೆ ನೀರು ಕುಡಿಯಲು ಹೋದೆ. ಆಕೆ ಒಲೆಯ ಕಟ್ಟೆ ಒರೆಸುತ್ತಿದ್ದಳು. ಕೈಯಲ್ಲಿದ್ದದ್ದು ನನ್ನ ಕೆಂಪು ಲಂಗೋಟ. ಪೈಲ್ವಾನರು ಲಂಗೋಟವನ್ನು ದೇವರ ಪಕ್ಕದಲ್ಲಿಡುತ್ತಾರೆ, ಹೆಂಗಸರು ಅದನ್ನು ಒಗೆಯಲಿಕ್ಕೂ ಮುಟ್ಟುವುದಿಲ್ಲ. ನನ್ನದು ಹದಿನಾರು ವರ್ಷದಿಂದ ಮಾರುತಿಯ ಪಟದ ಕೆಳಗೆ ಮಡಿಚಿ ಇತ್ತು. ಅದರಿಂದ ಎಣ್ಣೆಯ ಜಿಡ್ಡು ಒರೆಸುತ್ತಿದ್ದಳು.

"ಅದು ಏನಂತ ಗೊತ್ತೈತೇನ ನಿನಗ?"

"ಗೊತ್ತೈತ್ರಿ. ಹರದಿತ್ತು," ಎಂದಳು. ಒರೆಸುವುದನ್ನು ನಿಲ್ಲಿಸಲಿಲ್ಲ.

ನನ್ನ ಕಣ್ಣು ಕತ್ತಲೆಯಾಯಿತು. ಕೈ ಎದ್ದಿತು. ಎಷ್ಟು ಎತ್ತರ ಎದ್ದಿತೆಂದು ನನಗೂ ಗೊತ್ತು, ಆಕೆಗೂ ಗೊತ್ತು. ಆಕೆ ಈ ಸಲ ಕೈ ಅಡ್ಡ ತರಲಿಲ್ಲ. ಬಟ್ಟೆ ಹಿಡಿದುಕೊಂಡೇ ನೆಟ್ಟಗೆ ನಿಂತು ನನ್ನನ್ನು ನೋಡಿದಳು. ಹೊರಗೆ ನಡೆದು ಹೋಗಬೇಕಾಗಿತ್ತು. ಕಾಲು ಬರಲಿಲ್ಲ. ಕಟ್ಟೆಯ ಮೇಲೆ ಬಾಜೂ ಮನೆಯವರು ಮೊಮ್ಮಗ ಹುಟ್ಟಿದ್ದಕ್ಕೆ ಕೊಟ್ಟ ಪೇಢೆಯ ಡಬ್ಬಿ ಇತ್ತು. ಎದ್ದ ಕೈ ಅದರ ಮೇಲೆ ಬಿತ್ತು. ಒಂದು, ಎರಡು, ಐದು, ಏಳು. ಅಗಿಯಲಿಲ್ಲ, ತುರುಕಿದೆ. ಆಕೆ ಡಬ್ಬಿ ಕಸಿದುಕೊಳ್ಳಲಿಲ್ಲ.

ಹತ್ತು ನಿಮಿಷಕ್ಕೆ ಎದೆಯೊಳಗೆ ಯಾರೋ ಗುದ್ದತೊಡಗಿದರು. ಬೆವರು ಹಣೆಯಿಂದ ಕಣ್ಣಿಗೆ ಇಳಿಯಿತು. ಹೊಟ್ಟೆಯಲ್ಲಿ ಹಿಡಿದು ತಿರುವಿದ ಹಾಗೆ. ಗೋಡೆ ಹಿಡಿಯಲು ಹೋದೆ, ಗೋಡೆ ಸಿಗಲಿಲ್ಲ. ಅಡುಗೆಮನೆಯ ನೆಲದ ಮೇಲೆ ಮಗ್ಗುಲಾಗಿ ಬಿದ್ದೆ. ಮೈದಾನದಲ್ಲಿ ನನ್ನನ್ನು ಯಾರೂ ಹಾಗೆ ಕೆಡವಿರಲಿಲ್ಲ. ಕೈಕಾಲು ನಡುಗುತ್ತಿದ್ದವು. ನನಗೆ ಹೆದರಿಕೆಯಾಯಿತು. ಇನ್ನು ಎಷ್ಟು ಹೊತ್ತು, ಇದರ ಮುಂದಿನದು ಯಾವಾಗ ಬರುತ್ತದೆ, ಏನೂ ಗೊತ್ತಿಲ್ಲದ ಹೆದರಿಕೆ. ಕಣ್ಣೆತ್ತಿದರೆ ಆಕೆ ಮಣೆ ಎಳೆದುಕೊಂಡು ನನ್ನ ಪಕ್ಕದಲ್ಲಿ, ಕೈಗೆ ಸಿಗದಷ್ಟು ದೂರದಲ್ಲಿ, ಕೂತಿದ್ದಳು.

"ಹೆಂಗ ಅನಸ್ತೈತ್ರಿ?" ಎಂದು ಕೇಳಿದಳು.

"ಸಾಯತೀನಿ ಅನಸ್ತೈತಿ."

"ಸಾಯಂಗಿಲ್ಲ. ನನಗೂ ಹಂಗ ಅನಸ್ತಿತ್ತು," ಎಂದಳು. ಆಮೇಲೆ ಗೋಡೆಯ ಗಡಿಯಾರ ನೋಡಿದಳು. "ಇನ್ನೂ ಮುಕ್ಕಾಲ ತಾಸ ಐತಿ. ಮಕ್ಕೊಳ್ರಿ."